ಕಲಂ ಮೂರು

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆ ಹಿಂದಿನ ಓಣಿ,
ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಕಿಟಕಿ ತೆಗೆದರೆ ಬೆಂದ ಪ್ಯೂಪದ ವಾಸನೆ,
ಮುಚ್ಚಿದರೆ ಹನ್ನೊಂದು ಗಂಡಸರ ಬೆವರು.
ಮುಚ್ಚಬೇಡಿ ಅಂದೆ. ಬರೆಯುವವಳ ಮಾತು
ಅಷ್ಟರಮಟ್ಟಿಗೆ ನಡೆಯುತ್ತದೆ.

ಸಂಘಕ್ಕೆ ಹೆಸರಿಡಲು ಒಂದೂವರೆ ತಿಂಗಳು ಹಿಡಿಯಿತು,
ಹೆಸರು ಮಾರುವವರೇ ಎಲ್ಲರೂ.
ಅಂತೂ ಆಯಿತು: ಡೊಮೇನ್ ನಿರ್ವಾಹಕರ ಸಂಘ, ನೋಂದಣಿ ಬಾಕಿ.
ಇವತ್ತು ನಿಯಮಾವಳಿ,
ಯಾರು ಒಳಗೆ, ಯಾರು ಹೊರಗೆ.

ಕಲಂ ಒಂದಕ್ಕೆ ತಕರಾರಿಲ್ಲ:
ಹದಿನೆಂಟು ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು.
ಎರಡನೆಯದಕ್ಕೆ ಪುರಾವೆ ಕೇಳಬಾರದು ಎಂದ ಚೌಡರೆಡ್ಡಿ.

ಕಲಂ ಎರಡಕ್ಕೆ ಟೀ ಆರಿಹೋಯಿತು.
ಬಾಸಿತ್ ಸಾಹೇಬರ ಬಳಿ ನಾನೂರ ಹತ್ತು ಹೆಸರಿವೆ:
ಊರು, ಕೆರೆ, ಬೆಟ್ಟ, ಇನ್ನೂ ಕಟ್ಟದ ಕಲ್ಯಾಣಮಂಟಪ,
ಇನ್ನೂ ಹುಟ್ಟದ ಪಕ್ಷಗಳದ್ದು ಎರಡು.
ಯಾವುದರೊಳಗೂ ಏನಿಲ್ಲ,
ಬೇಲಿ ಸುತ್ತಿ ಬೋರ್ಡು ನೆಟ್ಟ ಸೈಟಿನ ಹಾಗೆ.
"ಹರಾಜಿನಲ್ಲಿ ಲಾಟಿಗೊಂದು ಚೀಟಿ ತಾನೆ?
ಹೆಸರಿಗೊಂದು ಓಟು ಕೊಡಿ."

ಪಿಳ್ಳಾಂಜಿನಪ್ಪ ಎದ್ದ. ಅವನಿಗಿರುವುದು ಒಂದೇ,
ಮೋಟಾರು ವೈಂಡಿಂಗಿನದು, ಅದರಲ್ಲೂ ಒಂದಕ್ಷರ ತಪ್ಪು.
"ತಲಕೊಕ ಓಟು!"
ಸಿಟ್ಟು ಬಂದರೆ ಅವನಿಗೆ ತೆಲುಗೇ ಬರುವುದು.
ತಲೆಗೊಂದು ಓಟು ಎಂದು ಕನ್ನಡದಲ್ಲಿ ಬರೆದುಕೊಂಡೆ.
ಸಾಹೇಬರು ನಕ್ಕರು: "ಬರೀಮ್ಮ,
ತಲೆ ಇರೋರಿಗೆ ಮಾತ್ರ ಅಂತ ಸೇರಿಸು."

ಆಮೇಲೆ ವೆಂಕಟರವಣಪ್ಪನ ವಿಷಯ.
ಹೋದ ಯುಗಾದಿಗೆ ನಾಲ್ಕು ದಿನ ಮುಂಚೆ ತೀರಿಕೊಂಡ.
ಅವನ ಗೂಡಿನ ಧಾರಣೆಯ ಪುಟ ಈಗಲೂ ತೆರೆಯುತ್ತದೆ,
ಮಿಶ್ರತಳಿ, ಕಿಲೋಗೆ ನಾನೂರ ಅರವತ್ತೆರಡು,
ಆ ದಿನದ ದರ ಎಲ್ಲ ದಿನವೂ.
ಇನ್ನೆರಡು ವರ್ಷಕ್ಕೆ ದುಡ್ಡು ಕಟ್ಟಿ ಹೋಗಿದ್ದಾನೆ,
ಪಾಸ್‌ವರ್ಡು ಹೇಳಿ ಹೋಗಲಿಲ್ಲ.
ಹೆಸರು ಚಾಲ್ತಿಯಲ್ಲಿದೆ, ಬಾಕಿ ಸೊನ್ನೆ;
ಕರಡಿನ ಪ್ರಕಾರ ಅವನಷ್ಟು ಅರ್ಹ
ಈ ಕೋಣೆಯಲ್ಲಿ ಮತ್ತೊಬ್ಬನಿಲ್ಲ.
ಕಲಂ ಒಂದನ್ನು ಮತ್ತೆ ತೆರೆದೆವು.
'ಬದುಕಿರಬೇಕು' ಎನ್ನಲು ಯಾರಿಗೂ ಬಾಯಿ ಬರಲಿಲ್ಲ.
'ಸಭೆಗೆ ಖುದ್ದು ಹಾಜರಿರತಕ್ಕದ್ದು' ಎಂದು ಬರೆಸಿದರು.

ಐದು ಗಂಟೆಗೆ, ಪೂರ್ತಿ ಓದು ಅಂದರು.
ಓದಿದೆ. ಕಲಂ ಮೂರು:
'ಸ್ವಂತ ಹೆಸರಿನಲ್ಲಿ ಕನಿಷ್ಠ ಒಂದು ಡೊಮೇನ್ ಇಲ್ಲದವರು
ಸಭೆಯಲ್ಲಿ ಕೂರುವಂತಿಲ್ಲ, ದಫ್ತರು ಮುಟ್ಟುವಂತಿಲ್ಲ.'
ಬೆಳಿಗ್ಗೆ ನಾನೇ ಟೈಪು ಮಾಡಿದ್ದು.
ದಫ್ತರು ನನ್ನ ತೊಡೆಯ ಮೇಲಿತ್ತು.

ಹನ್ನೊಂದು ಜನರ ಗಡುವೂ ನನ್ನ ನಾಲಗೆಯ ಮೇಲಿದೆ.
ರೆಡ್ಡಿಯದು ಆಗಸ್ಟ್ ಒಂಬತ್ತು, ಪಿಳ್ಳಾಂಜಿನಪ್ಪನದು
ಮಗಳು ಹುಟ್ಟಿದ ದಿನಕ್ಕೆ ಒಂದು ದಿನ ಮುಂಚೆ.
ನಾನು ನೆನಪಿಸದಿದ್ದರೆ ಇವರ ಹೆಸರುಗಳು
ಯಾವತ್ತೋ ಯಾರದ್ದೋ ಆಗುತ್ತಿದ್ದವು.

"ನೀನೂ ಒಂದು ತಗೊಳ್ಳಮ್ಮ," ಅಂದರು ಸಾಹೇಬರು,
"ರಿಯಾಯಿತಿ ಹಾಕ್ತೀನಿ." ಅಲ್ಲೇ ಫೋನಿನಲ್ಲಿ ಹುಡುಕಿದರು.
ನಗೀನಾ: ಜೈಪುರದ ಹರಳಂಗಡಿ ಹಿಡಿದುಕೂತಿದೆ.
ನಗೀನಾತಾಜ್: ಯಾರದೋ ಬಿರಿಯಾನಿ.
ಅಬ್ಬಾಜಾನರ ಇನಿಷಿಯಲ್ಲು ಮುಂದಿಟ್ಟರೆ ಸಿಗುತ್ತದೆ,
ವರ್ಷಕ್ಕೆ ಎಂಟುನೂರು.

ಅಬ್ಬಾಜಾನರ ಹೆಬ್ಬೆಟ್ಟನ್ನು ಯಾವ ಯಂತ್ರವೂ ಓದುವುದಿಲ್ಲ.
ಮೂವತ್ತು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ಹುಡುಕಿದ ಬೆರಳು, ಗೆರೆಯೆಲ್ಲ ಬೆಂದಿವೆ.
ಪ್ರತಿ ತಿಂಗಳು ನ್ಯಾಯಬೆಲೆ ಅಂಗಡಿಗೆ ಹೋಗಿ
ಇವರು ಇವರೇ ಎಂದು ನಾನು ಹೇಳಬೇಕು.
ಅಕ್ಕಿ ಅಳೆಯುವವನು ನನ್ನ ಮುಖ ನೋಡಿ ನಂಬುತ್ತಾನೆ.

ಯೋಚಿಸಿ ಹೇಳ್ತೀನಿ, ಅಂದೆ.
ಪೆನ್ನು ಕೈಯಲ್ಲಿತ್ತು. ಕಲಂ ಮೂರರ ಕೊನೆಯ
ಚುಕ್ಕಿಗೊಂದು ಬಾಲ ಎಳೆದೆ, ಮುಂದಕ್ಕೆ ಸೇರಿಸಿದೆ:
'ಬರೆಯುವವರನ್ನು ಹೊರತುಪಡಿಸಿ.'
ಗಟ್ಟಿಯಾಗಿ ಓದಲಿಲ್ಲ.
ಒಬ್ಬೊಬ್ಬರಾಗಿ ಬಂದು ಸಹಿ ಮಾಡಿದರು,
ಒಬ್ಬರೂ ಓದಲಿಲ್ಲ.

ಕೆಳಗಿಳಿದು ಜೆರಾಕ್ಸಿನ ಹುಡುಗನಿಗೆ ಕೊಟ್ಟೆ.
ಹನ್ನೆರಡು ಪ್ರತಿ.